ಹೊಲದ ಮಣ್ಣು ಹೊಲದಲ್ಲಿಯೇ ನಿಲ್ಲಲಿ

ದೊಡ್ಡ ಮಳೆ ಸುರಿದ ಮರುದಿನ ಅಸಂಗಿಯ ಹೊಲಗಳ ಕೆಳಗಿನ ಹಳ್ಳಕ್ಕೆ ಹೋಗಿ ನೀರಿನ ಬಣ್ಣ ನೋಡಿರಿ. ಕೆಂಪಾಗಿಯೋ ಕಪ್ಪಾಗಿಯೋ ಹರಿಯುವದು ಬರಿ ನೀರಲ್ಲ. ನಮ್ಮ ಹೊಲದ ಮೇಲ್ಮಣ್ಣು.

ಜತ್ತ ತಾಲೂಕು ಮಳೆ ಕಡಿಮೆಯಾದ ಸೀಮೆ. ಆದರೂ ಒಂದು ಎಕರೆಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಸುಮಾರು 1 ಲಕ್ಷ ಲೀಟರು ನೀರಾಗುವದು. ಅದೇ ಎಕರೆಯಿಂದ ಒಂದು ಅಂಗುಲ ಮಣ್ಣು ಕೊಚ್ಚಿಹೋದರೆ 100 ಟನ್ನಿಗೂ ಮಿಕ್ಕಿ ಮಣ್ಣು ಹೋದಂತೆ. ಮಳೆ ಮುಂದಿನ ವರ್ಷ ಬಂದೀತು. ಹೋದ ಮಣ್ಣು ಬಾರದು. ಒಂದು ಅಂಗುಲ ಮಣ್ಣಾಗಲು ನೂರಾರು ವರ್ಷ ಬೇಕು. ಮ್ಹೈಸಾಳ ಯೋಜನೆಯಿಂದ ಕೃಷ್ಣೆಯ ನೀರು ತಾಲೂಕಿನ ಕೆಲವು ಊರುಗಳಿಗೆ ಬಂದಿದೆ, ಸಂತೋಷ. ಆದರೆ ಮಣ್ಣೇ ಉಳಿಯದ ಹೊಲ ನೀರು ಕುಡಿದು ಏನು ಬೆಳೆದೀತು?

ನೆರೆಯ ಸೊಲ್ಲಾಪುರ, ವಿಜಾಪುರಗಳಲ್ಲಿ 1933ರಲ್ಲಿಯೇ ಒಣಬೇಸಾಯದ ಸಂಶೋಧನೆ ಮೊದಲಾಯಿತು. ಅಲ್ಲಿ ಕಂಡುಕೊಂಡ ಉಪಾಯಗಳು ನಮಗೂ ಸಲ್ಲುವಂಥವು.

ಮೊದಲನೆಯದಕ್ಕೆ ಖರ್ಚಿಲ್ಲ. ರಂಟೆ, ಕುಂಟೆ, ಕೂರಿಗೆ ಎಲ್ಲವನ್ನೂ ಇಳಿಜಾರಿಗೆ ಅಡ್ಡಲಾಗಿ ಹೊಡೆಯಿರಿ. ಟ್ರ್ಯಾಕ್ಟರಿಗೂ ಇದೇ ಮಾತು. ಆಗ ಒಂದೊಂದು ಸಾಲೂ ಒಂದೊಂದು ಸಣ್ಣ ಒಡ್ಡಾಗುವದು. ಹಿಂಗಾರಿ ಜೋಳ ಬಿತ್ತುವ ಎರೆಹೊಲದಲ್ಲಿ ಮುಂಗಾರಿಯಲ್ಲಿಯೇ 10ರಿಂದ 15 ಅಡಿಯ ಚೌಕಮಡಿಗಳನ್ನು ಕಟ್ಟಿರಿ. ಬಿದ್ದ ಮಳೆ ಅಲ್ಲಿಯೇ ಇಂಗಿ, ಬಿತ್ತುವ ಹೊತ್ತಿಗೆ ಹಸಿ ಉಳಿಯುವದು.

ಎರಡನೆಯದು ಒಡ್ಡು. ಮಸಾರಿಯಲ್ಲಿ ನೀರು ಬೇಗ ಇಂಗುವದರಿಂದ ಒಡ್ಡು ತಡೆಯುತ್ತದೆ. ಎರೆಭೂಮಿ ಬೇಸಿಗೆಯಲ್ಲಿ ಬಿರಿಯುವದು. ಬಿರುಕಿನೊಳಗೆ ನೀರು ಹೊಕ್ಕು ಒಡ್ಡನ್ನು ಒಡೆಯುವದು. ಆದ್ದರಿಂದ ಎರೆಯಲ್ಲಿ ನೀರನ್ನು ಮೆಲ್ಲನೆ ಸಾಗಿಸಿ, ಕಲ್ಲಿನ ಕೋಡಿಯಿಂದ ಹೊರಬಿಡಬೇಕು. ಒಡ್ಡಿನ ಮೇಲೆ ಹುಲ್ಲು ಬೆಳೆಸಬೇಕು. ಬೇರು ಹಿಡಿಯುವ ತನಕ ದನಕರು ಬಿಡಬಾರದು.

ಮೂರನೆಯದು ಮೇವಿನ ಮಡ್ಡಿ. ನಮ್ಮ ತಾಲೂಕಿನ ಮಾಡಗ್ಯಾಳದ ಕುರಿ ಹೆಸರಾದ ತಳಿ. ಕುರಿ ಸಾಕಬೇಡಿರೆಂದು ನಾವು ಹೇಳುವದಿಲ್ಲ. ಮಡ್ಡಿಯನ್ನು ನಾಲ್ಕು ಪಾಲು ಮಾಡಿ, ಸರತಿಯಂತೆ ಒಂದೊಂದು ಪಾಲಿಗೆ ಬಿಡುವು ಕೊಟ್ಟರೆ ಹುಲ್ಲೂ ಉಳಿಯುವದು, ಕುರಿಯೂ ಹೊಟ್ಟೆತುಂಬ ಮೇಯುವದು.

ಇಷ್ಟೆಲ್ಲ ತಿಳಿದೂ ಕೆಲಸ ಕೆಡುವದು ಒಂದೇ ಕಾರಣದಿಂದ. ಮೇಲಿನ ಹೊಲದವನು ಒಡೆದ ಒಡ್ಡನ್ನು ಹಾಗೆಯೇ ಬಿಡುತ್ತಾನೆ. ಕೆಳಗಿನವನ ಗಟ್ಟಿ ಒಡ್ಡೂ ಆ ನೀರಿನ ರಭಸಕ್ಕೆ ಒಡೆಯುವದು. ಅಣ್ಣತಮ್ಮಂದಿರಲ್ಲಿಯೂ ಇದರಿಂದ ಮಾತು ನಿಲ್ಲುವದುಂಟು. ನೀರಿಗೆ ಸರ್ವೆ ನಂಬರು ತಿಳಿಯದು, ಸಿವಾರದ ಕಲ್ಲು ಕಾಣದು. ಮೇಲಿನ ಹೊಲಗಳಿಗೆ ಒಡ್ಡಿಲ್ಲದೆ ಕೆಳಗೆ ಯಂತ್ರದಿಂದ ಎಷ್ಟು ಹಳ್ಳ ಅಗೆದರೂ ಅದು ಹೂಳು ತುಂಬುವ ತಗ್ಗೇ ಸರಿ.

ಆದಕಾರಣ ನಮ್ಮ ಸೂಚನೆ ಇಷ್ಟು: ಈ ಬೇಸಿಗೆಯಲ್ಲಿ ಒಂದೇ ಹಳ್ಳಕ್ಕೆ ನೀರು ಬಿಡುವ ಹೊಲದವರೆಲ್ಲ ಒಂದು ಮುಂಜಾನೆ ಕೂಡಿರಿ. ದಿನ್ನೆಯ ಮೇಲಿನ ಹೊಲದಿಂದ ಆರಂಭಿಸಿ ಕೆಳಗಿನವರೆಗೆ ನಡೆದು, ಎಲ್ಲಿ ಒಡ್ಡು ಒಡೆದಿದೆ, ಎಲ್ಲಿ ಕೋಡಿ ಕುಸಿದಿದೆ ಎಂದು ಗುರುತಿಸಿರಿ. ಮುಯ್ಯಾಳಿನಿಂದ ಮೇಲಿನದನ್ನೇ ಮೊದಲು ಕಟ್ಟಿರಿ. ಮುಂದಿನ ಮಳೆಗೆ ಹಳ್ಳದ ನೀರು ತಿಳಿಯಾಗಿ ಹರಿದರೆ, ನಿಮ್ಮ ಮಣ್ಣು ಮನೆಯಲ್ಲಿಯೇ ಉಳಿಯಿತೆಂದು ತಿಳಿಯಿರಿ.