ಪ್ರಸಂಗ ಪುಸ್ತಕದಿಂದ ವಾರಪತ್ರಿಕೆಯವರೆಗೆ: ಉಡುಪಿ ಸೀಮೆಯಲ್ಲಿ ರಂಜನೆಯ ಓದು

ಕರಾವಳಿಯ ಮುದ್ರಣ ಚರಿತ್ರೆಯನ್ನು ನಿರೂಪಿಸುವವರು ಮಂಗಳೂರಿನಿಂದ ಆರಂಭಿಸುವುದು ವಾಡಿಕೆ. 1841ರಲ್ಲಿ ಬಾಸೆಲ್ ಮಿಶನ್ ಸ್ಥಾಪಿಸಿದ ಕಲ್ಲಚ್ಚಿನ ಮುದ್ರಣಾಲಯ, 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಹೊರತಂದ 'ಮಂಗಳೂರ ಸಮಾಚಾರ', 1894ರಲ್ಲಿ ಪ್ರಕಟವಾದ ಕಿಟ್ಟೆಲರ ನಿಘಂಟು ಇವು ಅಂತಹ ಎಲ್ಲ ಬರಹಗಳಲ್ಲಿಯೂ ಪುನರುಕ್ತವಾಗುತ್ತವೆ. ಇವುಗಳ ಮಹತ್ತ್ವ ನಿರ್ವಿವಾದ. ಆದರೆ ಈ ಚರಿತ್ರೆ ಮುಖ್ಯವಾಗಿ ಪ್ರಯೋಜನದ ಮುದ್ರಣದ ಚರಿತ್ರೆ. ಮತಪ್ರಚಾರ, ಪಾಠಶಾಲೆ, ಭಾಷಾಶಾಸ್ತ್ರ ಇವುಗಳ ಅಗತ್ಯವೇ ಅದರ ಚಾಲಕ ಶಕ್ತಿ. ಪರೀಕ್ಷೆಗಾಗಿಯೂ ಅಲ್ಲದೆ, ಮೋಕ್ಷಕ್ಕಾಗಿಯೂ ಅಲ್ಲದೆ, ಕೇವಲ ಸಂತೋಷಕ್ಕಾಗಿ ಜನರು ಕಾಸು ಕೊಟ್ಟು ಕೊಂಡ ಅಚ್ಚಿನ ಪುಸ್ತಕ ಯಾವುದು ಎಂಬ ಪ್ರಶ್ನೆಗೆ ಅದರಲ್ಲಿ ಸ್ಥಾನವಿಲ್ಲ. ಉಡುಪಿ, ಕಾರ್ಕಳ, ಕಾಪು ಪರಿಸರವನ್ನು ಗಮನಿಸಿದರೆ ಈ ಪ್ರಶ್ನೆಗೆ ಸಿಗುವ ಉತ್ತರ ಕಾದಂಬರಿಯಲ್ಲ. ಯಕ್ಷಗಾನ ಪ್ರಸಂಗದ ಸಣ್ಣ ಪುಸ್ತಕ.

ಇದನ್ನು ಅರಿಯುವುದಕ್ಕೆ 'ಓದು' ಎಂಬ ಶಬ್ದದ ಸ್ಥಳೀಯ ಅರ್ಥವನ್ನು ಮೊದಲು ಪರಿಶೀಲಿಸಬೇಕಾಗುತ್ತದೆ. ಈ ಸೀಮೆಯಲ್ಲಿ ಓದು ಬಹುಕಾಲ ಕಿವಿಯ ಸಂಗತಿಯಾಗಿತ್ತು. ಪತ್ತನಾಜೆಯಂದು ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ, ಆಟಿಯ ಮಳೆಯಲ್ಲಿ, ಮನೆಯ ಚಾವಡಿಗಳಲ್ಲಿ ಪುರಾಣ ವಾಚನ ನಡೆಯುತ್ತಿತ್ತು. ಗದುಗಿನ ಭಾರತವನ್ನೋ ತೊರವೆ ರಾಮಾಯಣವನ್ನೋ ಜೈಮಿನಿ ಭಾರತವನ್ನೋ ಒಬ್ಬರು ರಾಗವಾಗಿ ಓದಿದರೆ ಮತ್ತೊಬ್ಬರು ಅರ್ಥ ಹೇಳುತ್ತಿದ್ದರು. ಅಕ್ಷರ ಬಾರದವರೂ ಅದರ ಪೂರ್ಣ ಭಾಗಿಗಳು. ಒಬ್ಬನೇ ಕುಳಿತು ಮೌನವಾಗಿ ಗ್ರಂಥವನ್ನು ಸವಿಯುವುದು ಇಲ್ಲಿ ತಡವಾಗಿ ಬಂದ ಅಭ್ಯಾಸ.

ಈ ಪಲ್ಲಟದ ಮೊದಲ ಸೂಚನೆ ಕಾರ್ಕಳ ತಾಲೂಕಿನ ನಂದಳಿಕೆಯ ಕವಿಯಲ್ಲಿ ದೊರೆಯುತ್ತದೆ. ನಂದಳಿಕೆ ಲಕ್ಷ್ಮೀನಾರಣಪ್ಪ (1870-1901) ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕನಾಗಿದ್ದವನು. 'ಮುದ್ದಣ' ಎಂಬ ಹೆಸರಿನಲ್ಲಿ ಅವನು ರಚಿಸಿದ 'ಶ್ರೀರಾಮಾಶ್ವಮೇಧ'ದ ಕಥಾಸಂದರ್ಭ ಮಳೆಗಾಲದ್ದು; ಹೊತ್ತು ಹೋಗದ ಹೆಂಡತಿ ಮನೋರಮೆ ಕಥೆ ಕೇಳುತ್ತಾಳೆ. ಇಲ್ಲಿ ಕೇಳುಗಳು ಭಕ್ತಳಾಗಿ ಕುಳಿತಿಲ್ಲ. ಯಾವ ಕಥೆ ಬೇಕೆಂದು ಅವಳೇ ಆರಿಸುತ್ತಾಳೆ, ಪದ್ಯ ಬೇಡ ಗದ್ಯ ಬೇಕೆನ್ನುತ್ತಾಳೆ, ಸಂಸ್ಕೃತ ಹೆಚ್ಚಾದಲ್ಲಿ ತಡೆಯುತ್ತಾಳೆ. ರಂಜನೆಗಾಗಿ ಗದ್ಯವನ್ನು ಬಯಸುವ ಮನೆಯೊಳಗಿನ ಓದುಗಳನ್ನು ಹೊಸಗನ್ನಡದ ಹೊಸ್ತಿಲಲ್ಲಿ ಇಷ್ಟು ಸ್ಪಷ್ಟವಾಗಿ ಕಲ್ಪಿಸಿಕೊಂಡ ಕೃತಿ ಮತ್ತೊಂದಿಲ್ಲ. ಆದರೆ ಕೃತಿಯ ಭಾಷೆ ಹಳಗನ್ನಡ. ಅದು ಮೈಸೂರಿಗೆ ಅಂಚೆಯಲ್ಲಿ ಹೋಗಿ, ಪ್ರಾಚೀನ ಕಾವ್ಯಗಳ ಸಾಲಿನಲ್ಲಿ ಹಳೆಯ ಕವಿಯೊಬ್ಬನ ಕೃತಿಯೆಂಬಂತೆ ಅಚ್ಚಾಯಿತು. ಮನೋರಮೆಯಂತಹ ಓದುಗರನ್ನು ತಲುಪುವ ಬದಲು ಅದು ಪಠ್ಯವಾಯಿತೆಂಬುದು ಗಮನಾರ್ಹ ವಿಪರ್ಯಾಸ. ಅದೇ ಮುದ್ದಣನ 'ಕುಮಾರವಿಜಯ' ಮತ್ತು 'ರತ್ನಾವತಿ ಕಲ್ಯಾಣ' ಪ್ರಸಂಗಗಳ ಭಾಗ್ಯ ಬೇರೆ. ಅವು ಭಾಗವತರ ಕೊರಳಿಗೂ ಹಳ್ಳಿಯ ಕಲಾಸಕ್ತರ ಕೈಗೂ ನೇರವಾಗಿ ಸಂದವು.

ಪ್ರಸಂಗ ಪುಸ್ತಕದ ಸ್ವರೂಪವೇ ವಿಶಿಷ್ಟವಾದುದು. ಅದರಲ್ಲಿ ಇರುವುದು ರಾಗ ತಾಳಗಳ ನಿರ್ದೇಶನದೊಂದಿಗೆ ಹಾಡುಗಳು, ನಡುನಡುವೆ ಕಂದ, ವೃತ್ತ, ಷಟ್ಪದಿ, ದ್ವಿಪದಿಗಳು. ಪಾತ್ರಗಳ ಮಾತು ಅದರಲ್ಲಿಲ್ಲ. ಅದನ್ನು ವೇಷಧಾರಿ ಅಥವಾ ಅರ್ಥಧಾರಿ ಆಶುವಾಗಿ ಕಟ್ಟಬೇಕು. ಹೀಗಾಗಿ ಅಚ್ಚಾದ ಪುಸ್ತಕ ಎಂದಿಗೂ ಅರ್ಧ ಕೃತಿ. ಅದನ್ನು ಕೊಂಡವನು ಉಳಿದರ್ಧವನ್ನು ತನ್ನ ನೆನಪಿನಿಂದಲೋ ಕಲ್ಪನೆಯಿಂದಲೋ ತುಂಬಿಕೊಳ್ಳುತ್ತಾನೆ. ರಾತ್ರಿ ಕಂಡ ಆಟವನ್ನು ಹಗಲಲ್ಲಿ ಮೆಲುಕು ಹಾಕುವುದಕ್ಕೆ, ಊರಿನ ತಾಳಮದ್ದಳೆ ಕೂಟಕ್ಕೆ ಸಿದ್ಧವಾಗುವುದಕ್ಕೆ, ಅಂಗಳದಲ್ಲಿ ಕೆಲಸ ಮಾಡುತ್ತ ಗುನುಗುವುದಕ್ಕೆ ಒಂದೇ ಪುಸ್ತಕ ಒದಗುತ್ತಿತ್ತು. ಅಚ್ಚಿಗಿಂತ ಮುಂಚೆ ಇದೇ ಪಠ್ಯ ಓಲೆಗರಿಯಲ್ಲಿಯೂ ಕೈಬರಹದ ಪುಸ್ತಕಗಳಲ್ಲಿಯೂ ಭಾಗವತರ ಆಸ್ತಿಯಾಗಿತ್ತು. ಮುದ್ರಣ ಮಾಡಿದ ಮುಖ್ಯ ಕೆಲಸವೆಂದರೆ ಅದನ್ನು ಪ್ರೇಕ್ಷಕನ ಕೈಗೆ ಕೊಟ್ಟುದು. ಭಾಗವತನು ಪದ್ಯವೊಂದನ್ನು ಬಿಟ್ಟರೆ ಹಿಡಿಯಬಲ್ಲ ಸಭಾಸದನು ಅಚ್ಚಿನ ಪ್ರಸಂಗದಿಂದ ಹುಟ್ಟಿದವನು.

ಉಡುಪಿಯಲ್ಲಿ ಈ ಕಾರ್ಯವನ್ನು ವ್ಯಾಪಕವಾಗಿ ಕೈಗೊಂಡವರು ಪಾವಂಜೆ ಗುರುರಾಯರು. ಅವರ ಶ್ರೀಮನ್ಮಧ್ವಸಿದ್ಧಾಂತ ಗ್ರಂಥಾಲಯವು ಹರಿದಾಸರ ಕೀರ್ತನೆಗಳನ್ನೂ ಯಕ್ಷಗಾನ ಪ್ರಸಂಗಗಳನ್ನೂ ಪ್ರಕಟಿಸಿತು. ಇಲ್ಲಿ 'ಗ್ರಂಥಾಲಯ'ವೆಂದರೆ ಎರವಲು ಕೊಡುವ ಸಂಸ್ಥೆಯಲ್ಲ, ಪ್ರಕಟಿಸಿ ಮಾರುವ ಸಂಸ್ಥೆ; ಹಳೆಯ ಸೂಚಿಗಳನ್ನು ನೋಡುವವರು ಈ ಅರ್ಥಭೇದವನ್ನು ಲಕ್ಷಿಸದಿದ್ದರೆ ಎಡವುವ ಸಂಭವವಿದೆ. ಸಂಸ್ಥೆಯ ಹೆಸರು ಸಿದ್ಧಾಂತದ್ದು; ಪಟ್ಟಿಯಲ್ಲಿ ಮಾತ್ರ ಭಕ್ತಿ ಮತ್ತು ರಂಜನೆ ಅಕ್ಕಪಕ್ಕದಲ್ಲಿ ನಿಂತಿವೆ. ಕ್ಷೇತ್ರಕ್ಕೆ ಬರುವ ಯಾತ್ರಿಕನಿಗೂ ಆಟದ ಮರುಳಿನವನಿಗೂ ಒಂದೇ ಕಡೆ ಪುಸ್ತಕ ಸಿಗುತ್ತಿತ್ತು; ಎಷ್ಟೋ ವೇಳೆ ಅವರಿಬ್ಬರೂ ಒಬ್ಬನೇ ಆಗಿರುತ್ತಿದ್ದ. ಧಾರ್ಮಿಕ ಮುದ್ರಣ ಮತ್ತು ಜನಪ್ರಿಯ ಮುದ್ರಣ ಎಂಬ ವಿಂಗಡಣೆಯನ್ನು ಬೇರೆಡೆಯಿಂದ ತಂದು ಇಲ್ಲಿ ಹೊಂದಿಸುವುದು ಸಮಂಜಸವಲ್ಲ.

ಇದೇ ಕಾಲಘಟ್ಟದ ಕಾದಂಬರಿಗಳು, ಎಂದರೆ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' (1899), ಬೋಳಾರ ಬಾಬುರಾಯರ 'ವಾಗ್ದೇವಿ' (1905) ಮುಂತಾದವು, ಸಮಾಜ ಸುಧಾರಣೆಯ ಹುರುಪಿನಿಂದ ಬಂದವು. ಅವುಗಳ ಓದುಗರು ವಿದ್ಯಾವಂತ ನಗರವಾಸಿಗಳು. ಸಾಹಿತ್ಯ ಚರಿತ್ರೆಗಳಲ್ಲಿ ಅವುಗಳಿಗೆ ದೊರೆತ ಪುಟಗಳನ್ನೂ ಹಳ್ಳಿಯ ಮನೆಗಳಲ್ಲಿ ಸವೆದ ಪ್ರಸಂಗಗಳ ಪುಟಗಳನ್ನೂ ಹೋಲಿಸಿದರೆ ಚರಿತ್ರಕಾರನ ಒಲವು ಎತ್ತ ಎಂಬುದು ತಿಳಿಯುತ್ತದೆ.

ಭಾಷೆಯ ಪ್ರಶ್ನೆಯೂ ಇಲ್ಲಿ ಮುಖ್ಯ. ಈ ಸೀಮೆಯ ಬಹುಜನರ ಮನೆಮಾತು ತುಳು. ಬಾಸೆಲ್ ಮಿಶನಿನವರು ತುಳುವನ್ನು ಕನ್ನಡ ಲಿಪಿಯಲ್ಲಿ ಮುದ್ರಿಸಿದ್ದರಿಂದ ಒಂದೇ ಅಕ್ಷರಜ್ಞಾನ ಎರಡು ಭಾಷೆಗಳ ಸುಖಕ್ಕೆ ಸಾಕಾಯಿತು. 1886ರಲ್ಲಿ ಮ್ಯಾನರ್ ಸಂಗ್ರಹಿಸಿದ ಪಾಡ್ದನಗಳು ಮಂಗಳೂರಿನಲ್ಲಿ ಅಚ್ಚಾದವು. ಅದರ ಮರುವರ್ಷ, 1887ರಲ್ಲಿ, ಪಾರ್ತಿಸುಬ್ಬನ ಪ್ರಸಂಗವನ್ನು ಅನುಸರಿಸಿ ಬಡಕಬೈಲು ಪರಮೇಶ್ವರಯ್ಯನವರು ರಚಿಸಿದ ತುಳು 'ಪಂಚವಟಿ' ಬಂದಿತು. ಮೊದಲನೆಯದು ವಿದ್ವಾಂಸರ ಸಂಗ್ರಹ, ಎರಡನೆಯದು ಹಾಡಿಕೊಳ್ಳುವವರ ಪುಸ್ತಕ. ಪಾಡ್ದನದ ಕಥೆಯೊಂದು ಓದುವ ಗದ್ಯವಾಗಿ ಜನಪ್ರಿಯವಾದುದು ಪಂಜೆ ಮಂಗೇಶರಾಯರ 'ಕೋಟಿ ಚೆನ್ನಯ'ದಿಂದ (1924), ಅದು ಕನ್ನಡದಲ್ಲಿ. 1928ರಲ್ಲಿ ಉಡುಪಿಯಲ್ಲಿ ಎಸ್.ಯು. ಪಣಿಯಾಡಿಯವರು ತುಳು ಮಹಾಸಭೆಯನ್ನು ಸ್ಥಾಪಿಸಿ, ತುಳುವ ಸಾಹಿತ್ಯಮಾಲೆಯ ಮೂಲಕ ತುಳುವಿನಲ್ಲೇ ಓದಿನ ಪುಸ್ತಕಗಳನ್ನು ಕೊಡಲು ತೊಡಗಿದರು. ಅವರ 'ಸತಿ ಕಮಲೆ' ತುಳುವಿನ ಮೊದಲ ಕಾದಂಬರಿ. ತುಳುವರು ತುಳುವನ್ನು ಆಡಲು, ಹಾಡಲು ಬಯಸಿದರು. ಮೌನವಾಗಿ ಓದಲು ಮಾತ್ರ ಕನ್ನಡವನ್ನೇ ಆಶ್ರಯಿಸಿದರು. ಪಣಿಯಾಡಿಯವರ ಪ್ರಯತ್ನದ ಸಾಹಸವನ್ನು ಈ ಹಿನ್ನೆಲೆಯಲ್ಲಿಯೇ ಅಳೆಯಬೇಕು.

ಕಾಪು, ಉಚ್ಚಿಲದ ಕಡಲ ತಡಿಯಲ್ಲಿ ಓದಿನ ಹಾದಿ ಮುಂಬಯಿಯ ಮೂಲಕ ಸಾಗಿತು. ದುಡಿಮೆಗಾಗಿ ಅಲ್ಲಿಗೆ ಹೋದ ಮೊಗವೀರರು 1902ರಲ್ಲಿ ಸ್ಥಾಪಿಸಿದ ಮೊಗವೀರ ವ್ಯವಸ್ಥಾಪಕ ಮಂಡಳಿಯು ಮುಂದೆ 'ಮೊಗವೀರ' ಎಂಬ ಕನ್ನಡ ಮಾಸಪತ್ರಿಕೆಯನ್ನೂ ನಡೆಸಿತು. ಸಮುದಾಯದ ಸುದ್ದಿಯೊಂದಿಗೆ ಕಥೆ ಕವನಗಳೂ ಇಂತಹ ಪತ್ರಿಕೆಗಳಲ್ಲಿ ಊರು ಸೇರಿದವು.

ಏಕಾಂತದ ಓದು ಇಲ್ಲಿ ಮನೆಮನೆಯ ಅಭ್ಯಾಸವಾದುದು ಮಣಿಪಾಲದಿಂದ. 1941ರಲ್ಲಿ ಆರಂಭವಾದ ಮಣಿಪಾಲದ ಮುದ್ರಣೋದ್ಯಮದ ಬೆಂಬಲದಿಂದ 1970ರ ಜನವರಿಯಲ್ಲಿ 'ಉದಯವಾಣಿ' ದಿನಪತ್ರಿಕೆ, 1973ರಲ್ಲಿ 'ತುಷಾರ' ಮಾಸಪತ್ರಿಕೆ, 1983ರಲ್ಲಿ ಸಂತೋಷಕುಮಾರ ಗುಲ್ವಾಡಿಯವರ ಸಂಪಾದಕತ್ವದಲ್ಲಿ 'ತರಂಗ' ವಾರಪತ್ರಿಕೆ ಹೊರಬಂದವು. ಅದುವರೆಗೆ ಧಾರಾವಾಹಿಯ ರುಚಿ ತೋರಿಸುತ್ತಿದ್ದುದು 1965ರಲ್ಲಿ ಬೆಂಗಳೂರಿನಿಂದ ಆರಂಭವಾದ 'ಸುಧಾ'ದಂತಹ ಪತ್ರಿಕೆಗಳು. ಕುಂದಾಪುರದ ಜಾನಕಿ ಎಂಬ ತರುಣಿ 'ಸುಧಾ'ಕ್ಕೆ ಕಥೆ ಕಳುಹಿಸಿ, ಅದು ನಿಜ ಜೀವನದ ಘಟನೆಯಾದ್ದರಿಂದ ಪ್ರಕಟಿಸಬೇಡಿರೆಂದು ಬರೆದಾಗ, ಸಂಪಾದಕರು 'ವೈದೇಹಿ' ಎಂಬ ಹೆಸರಿಟ್ಟು ಅಚ್ಚು ಮಾಡಿದ ಸಂಗತಿ ಪ್ರಸಿದ್ಧವಾದುದು. ಮುದ್ದಣನಂತೆ ಇಲ್ಲಿಯೂ ಎರವಲು ಹೆಸರಿನ ಮರೆ ಬೇಕಾಯಿತು. ಆದರೆ ಈ ಬಾರಿ ಮನೋರಮೆಯೇ ಬರೆಯಲು ಕುಳಿತಿದ್ದಳು. ತರಂಗದ ಕಾಲಕ್ಕೆ ವಾರಪತ್ರಿಕೆಯ ಒಂದೇ ಪ್ರತಿ ಮನೆಯ ಹಿರಿಯರಿಂದ ಮಕ್ಕಳವರೆಗೆ, ಅಲ್ಲಿಂದ ನೆರೆಮನೆಗೆ ಕೈದಾಟುತ್ತಿತ್ತು. ಮಾರಾಟವಾದ ಪ್ರತಿಗಳಿಂದ ಓದುಗರ ಸಂಖ್ಯೆಯನ್ನು ಊಹಿಸುವುದು ಇಲ್ಲಿ ಸಾಧುವಲ್ಲ.

ಸಂಶೋಧಕನ ತೊಡಕು ಇರುವುದು ಉಳಿಕೆಯಲ್ಲಿ. ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜಿನಲ್ಲಿ (1949) ಪ್ರೊ. ಕು.ಶಿ. ಹರಿದಾಸ ಭಟ್ಟರ ದೂರದೃಷ್ಟಿಯಿಂದ ರೂಪುಗೊಂಡ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರಕ್ಕೆ ಮಂಜೇಶ್ವರದ ಗೋವಿಂದ ಪೈಗಳ ಗ್ರಂಥಭಂಡಾರ ಸಂದಿದೆ. ಕಾರ್ಕಳ ಸೀಮೆಯ ಕಾಂತಾವರದಲ್ಲಿ ಡಾ. ನಾ. ಮೊಗಸಾಲೆಯವರು 1976ರಲ್ಲಿ ಕಟ್ಟಿದ ಕನ್ನಡ ಸಂಘವು 'ನಾಡಿಗೆ ನಮಸ್ಕಾರ' ಮಾಲೆಯ ಕಿರುಹೊತ್ತಗೆಗಳ ಮೂಲಕ ಹಳ್ಳಿಯಿಂದಲೇ ಪ್ರಕಟಣೆ ನಡೆಸಿ ತೋರಿಸಿದೆ. ವಿದ್ವಾಂಸನ ಸಂಗ್ರಹ ಉಳಿಯುತ್ತದೆ, ಮಾಲೆಯಾಗಿ ಬಂದದ್ದೂ ಉಳಿಯುತ್ತದೆ. ಬಿಡಿಯಾಗಿ ಮಾರಾಟವಾದ ಪ್ರಸಂಗ ಪುಸ್ತಕವಾದರೋ ಓದಿನಿಂದಲೇ ನಾಶವಾಗುತ್ತದೆ. ಮೊದಲು ಹೋಗುವುದು ಹೊದಿಕೆ. ಅದರೊಂದಿಗೆ ಪ್ರಕಾಶಕನ ಹೆಸರು, ವರ್ಷ, ಬೆಲೆಗಳೂ ಹೋಗುತ್ತವೆ. ಹೆಚ್ಚು ಪ್ರೀತಿ ಪಡೆದ ಪುಸ್ತಕವೇ ಸೂಚಿಯಲ್ಲಿ ಕನಿಷ್ಠ ವಿವರಗಳೊಂದಿಗೆ ದಾಖಲಾಗುವುದು ಹೀಗೆ. ರಟ್ಟು ಕಟ್ಟುವಾಗ ಮೂಲ ಹೊದಿಕೆಯನ್ನು ತೆಗೆದುಹಾಕುವ ಗ್ರಂಥಾಲಯಗಳ ರೂಢಿ ಈ ನಷ್ಟವನ್ನು ಪೂರ್ಣಗೊಳಿಸುತ್ತದೆ.

ಇದಕ್ಕೆ ಪೂರಕವಾದ ಆಕರವೊಂದುಂಟು. ದಕ್ಷಿಣ ಕನ್ನಡವು 1956ರವರೆಗೆ ಮದರಾಸಿನ ಆಡಳಿತಕ್ಕೆ ಸೇರಿದ್ದಿತು. 1867ರ ಮುದ್ರಣಾಲಯ ಮತ್ತು ಪುಸ್ತಕ ನೋಂದಣಿ ಕಾಯಿದೆಯಂತೆ ಮುದ್ರಕರು ಪ್ರತಿ ಪುಸ್ತಕವನ್ನೂ ಸರ್ಕಾರಕ್ಕೆ ಒಪ್ಪಿಸಬೇಕಿತ್ತು. ಅದರ ಆಧಾರದಿಂದ ತ್ರೈಮಾಸಿಕ ಪಟ್ಟಿಗಳು ಅಚ್ಚಾಗುತ್ತಿದ್ದವು. ಶೀರ್ಷಿಕೆ, ಭಾಷೆ, ಕರ್ತೃ, ಮುದ್ರಣಸ್ಥಳ, ಪುಟಸಂಖ್ಯೆ, ಆವೃತ್ತಿ, ಅಚ್ಚಾದ ಪ್ರತಿಗಳ ಸಂಖ್ಯೆ, ಬೆಲೆ ಇಷ್ಟನ್ನೂ ಅವುಗಳಲ್ಲಿ ನಮೂದಿಸುವಂತೆ ಕಾಯಿದೆಯೇ ವಿಧಿಸಿತ್ತು. ಹೊದಿಕೆಯಿಲ್ಲದ ಪ್ರಸಂಗವೊಂದನ್ನು ಈ ಪಟ್ಟಿಯ ನಮೂದಿನೊಂದಿಗೆ ಪುಟಸಂಖ್ಯೆಯಿಂದ ತಾಳೆ ನೋಡಿದರೆ ಅದರ ವರ್ಷ, ಬೆಲೆ, ಪ್ರತಿಗಳ ಸಂಖ್ಯೆಗಳನ್ನು ಮರಳಿ ಪಡೆಯುವುದು ಸಾಧ್ಯವಿದೆ.