ಪ್ಲೇಟ್‌ಲೆಟ್ ಇಳಿದರೆ ಡೆಂಗ್ಯೂ ಒಂದೇ ಅಲ್ಲ

ಮಳೆಗಾಲ ಶುರುವಾದರೆ ಸಾಕು, ಎಲ್ಲರ ಬಾಯಲ್ಲೂ ಪ್ಲೇಟ್‌ಲೆಟ್ ಲೆಕ್ಕ. 1.5 ಲಕ್ಷಕ್ಕಿಂತ ಕೆಳಗಿಳಿದರೆ ಡೆಂಗ್ಯೂ ಅಂತಲೇ ತೀರ್ಮಾನ, ಮನೆಯಲ್ಲಿ ಪಪ್ಪಾಯಿ ಎಲೆ ರಸ ತಯಾರು. ಆಸ್ಪತ್ರೆಯ ಲ್ಯಾಬಿನಲ್ಲಿ ದಿನವೂ ರಕ್ತದ ಸ್ಲೈಡ್ ನೋಡುವ ನನಗೆ, ಡೆಂಗ್ಯೂ ಇಲ್ಲವೆಂದು ರಿಪೋರ್ಟ್ ಬಂದಮೇಲೂ ಸಂಖ್ಯೆ ತೀರಾ ಕಡಿಮೆಯಿದ್ದರೆ ಇನ್ನೆರಡು ಹೆಸರು ನೆನಪಾಗುತ್ತವೆ. ಐಟಿಪಿ, ಟಿಟಿಪಿ. ಕೇಳಲು ಅವಳಿ-ಜವಳಿ, ಸ್ವಭಾವ ಮಾತ್ರ ಅಜಗಜಾಂತರ.

ಐಟಿಪಿಯಲ್ಲಿ ನಮ್ಮದೇ ರೋಗನಿರೋಧಕ ಶಕ್ತಿ ಪ್ಲೇಟ್‌ಲೆಟ್‌ಗಳನ್ನು ಶತ್ರು ಅಂದುಕೊಂಡು ನಾಶ ಮಾಡುತ್ತದೆ. ಕಾಲಲ್ಲಿ ಕೆಂಪು ಚುಕ್ಕೆ, ಒಸಡಿನಲ್ಲಿ ರಕ್ತ, ಮುಟ್ಟಿನಲ್ಲಿ ಅತಿಸ್ರಾವ. ಮಕ್ಕಳಲ್ಲಿ ಬಹುಪಾಲು ಕೆಲವು ತಿಂಗಳಲ್ಲಿ ತಾನಾಗಿಯೇ ಸರಿಹೋಗುತ್ತದೆ. ದೊಡ್ಡವರಿಗೆ ಸಾಮಾನ್ಯವಾಗಿ ಸ್ಟೀರಾಯ್ಡ್.

ಟಿಟಿಪಿ ಅಪರೂಪ, ಆದರೆ ತುಂಬಾ ಕೆಟ್ಟದ್ದು. ರಕ್ತದಲ್ಲಿ ಆಡಮ್‌ಟಿಎಸ್-13 ಎಂಬ ಕಿಣ್ವವಿದೆ. ಪ್ಲೇಟ್‌ಲೆಟ್ ಅಂಟಿಕೊಳ್ಳುವ ಒಂದು ಪ್ರೋಟೀನಿನ ಉದ್ದ ಎಳೆಗಳನ್ನು ಕತ್ತರಿಸುವುದು ಅದರ ಕೆಲಸ. ಅದು ಕೈಕೊಟ್ಟರೆ ಎಳೆಗಳಿಗೆ ಪ್ಲೇಟ್‌ಲೆಟ್ ಅಂಟಿ, ಮಿದುಳು, ಹೃದಯ, ಮೂತ್ರಪಿಂಡದ ಸಣ್ಣ ನಾಳಗಳಲ್ಲಿ ಹೆಪ್ಪುಗಟ್ಟುತ್ತದೆ. ಸಂಖ್ಯೆ ಇಳಿಯುವುದು ಅಲ್ಲಿ ಖರ್ಚಾಗಿ! ಆ ಇಕ್ಕಟ್ಟಿನಲ್ಲಿ ನುಗ್ಗುವ ಕೆಂಪು ರಕ್ತಕಣಗಳೂ ಹರಿದುಹೋಗುತ್ತವೆ.

ಒಮ್ಮೆ ಮೂವತ್ತರ ಆಸುಪಾಸಿನ ಹೆಂಗಸೊಬ್ಬರು ಬಂದಿದ್ದರು. ಪ್ಲೇಟ್‌ಲೆಟ್ 14,000. ತಮ್ಮ ಕಿಟಕಿ ಹತ್ತಿರ ಬಂದು, "ಮೇಡಂ, ಅಕ್ಕ ಹೇಳಿದ್ದನ್ನೇ ಹೇಳ್ತಿದಾರೆ, ಬೇಗ ಪ್ಲೇಟ್‌ಲೆಟ್ ಹಾಕ್ಸೋಕೆ ಹೇಳಿ" ಅಂದ. ಸ್ಲೈಡ್ ನೋಡಿದೆ. ಎಲ್ಲಿ ನೋಡಿದರೂ ಹೆಲ್ಮೆಟ್ ಆಕಾರದ ಒಡಕು ಕಣಗಳು. ಐಟಿಪಿಯಲ್ಲಿ ಕೆಂಪು ಕಣಗಳು ಹೀಗೆ ಒಡೆಯುವುದಿಲ್ಲ. ವರದಿ ಟೈಪ್ ಆಗುವವರೆಗೆ ಕಾಯದೆ ಡಾಕ್ಟರಿಗೆ ಫೋನ್ ಮಾಡಿದೆ. ಎಲ್‌ಡಿಎಚ್ ಕೂಡ ವಿಪರೀತ ಏರಿತ್ತು.

ಟಿಟಿಪಿ ಎಂಬ ಅನುಮಾನವಿದ್ದರೆ, ಪ್ರಾಣಕ್ಕೆ ಕುತ್ತಾಗುವ ರಕ್ತಸ್ರಾವ ಇಲ್ಲದಿದ್ದಾಗ ಪ್ಲೇಟ್‌ಲೆಟ್ ಕೊಡುವುದಿಲ್ಲ. ಪ್ಲಾಸ್ಮಾ ಬದಲಿಸಬೇಕು, ಜೊತೆಗೆ ಸ್ಟೀರಾಯ್ಡ್. ಚಿಕಿತ್ಸೆ ಸಿಗದಿದ್ದರೆ 100ರಲ್ಲಿ ಸುಮಾರು 90 ಮಂದಿ ಉಳಿಯುವುದಿಲ್ಲ; ಸಿಕ್ಕರೆ ಹೆಚ್ಚಿನವರು ಉಳಿಯುತ್ತಾರೆ. ಕಿಣ್ವದ ಪರೀಕ್ಷೆಗೆ ಮೊದಲೇ ರಕ್ತ ತೆಗೆದಿಟ್ಟು, ಫಲಿತಾಂಶಕ್ಕೆ ಕಾಯದೆ ಶುರುಮಾಡುತ್ತಾರೆ. ಅವರನ್ನು ಆ ರಾತ್ರಿಯೇ ಬೆಂಗಳೂರಿಗೆ ಕಳಿಸಿದರು.

ಬದುಕಿದರು. ಕಾಯಿಲೆ ಮರುಕಳಿಸಬಹುದಾದ್ದರಿಂದ ಈಗಲೂ ರಕ್ತ ಕೊಡಲು ಬರುತ್ತಾರೆ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಪ್ಲೇಟ್‌ಲೆಟ್ ಇಳಿದು, ಜೊತೆಗೆ ಮಾತು ತೊದಲುವುದು, ಗೊಂದಲ, ಕಣ್ಣು ಹಳದಿಯಾಗುವುದು ಕಂಡರೆ ತಡಮಾಡದೆ ದೊಡ್ಡಾಸ್ಪತ್ರೆಗೆ ಹೋಗಿ, "ಪೆರಿಫೆರಲ್ ಸ್ಮಿಯರ್ ನೋಡಿದ್ರಾ ಡಾಕ್ಟ್ರೇ?" ಅಂತ ಕೇಳಿ. ಒಂದು ತೊಟ್ಟು ರಕ್ತ, ಒಂದು ಗಾಜಿನ ಪಟ್ಟಿ ಸಾಕು.