ಮಲ್ಪೆಯ ಪ್ರೊಪೆಲರ್ ಗೊರೂರಿಗೆ ಒಗ್ಗದು

ಮಲ್ಪೆಯ ಕಡಲಲ್ಲಿ ಚೆನ್ನಾಗಿ ಓಡುವ ಸ್ಪೀಡ್ ಬೋಟೊಂದನ್ನು ಟ್ರೇಲರಿಗೆ ಕಟ್ಟಿ, ಶಿರಾಡಿ ಘಾಟಿ ಹತ್ತಿಸಿ, ಹಾಸನ ದಾಟಿಸಿ ಗೊರೂರಿನ ಹೇಮಾವತಿ ಹಿನ್ನೀರಿಗೆ ಇಳಿಸಿದರೆ ಅದು ಅಲ್ಲಿನಷ್ಟು ಓಡುವುದಿಲ್ಲ. ಎಂಜಿನ್ ಅದೇ, ದೋಣಿಯ ತಳ ಅದೇ, ಪೆಟ್ರೋಲೂ ಅದೇ. ಬದಲಾದದ್ದು ಗಾಳಿ. ಹೇಮಾವತಿ ಜಲಾಶಯ ತುಂಬಿದಾಗ ಅದರ ನೀರು ಸಮುದ್ರಮಟ್ಟದಿಂದ 2,922 ಅಡಿ ಎತ್ತರದಲ್ಲಿರುತ್ತದೆ. ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ, ಎಂಜಿನ್ ಒಂದೊಂದು ಸಲ ಉಸಿರೆಳೆದಾಗಲೂ ಒಳಗೆ ಹೋಗುವ ಆಮ್ಲಜನಕ ಕಡಿಮೆಯಾಗುತ್ತದೆ. ಸಾವಿರ ಅಡಿಗೆ ಶೇಕಡ 3ರಷ್ಟು ಶಕ್ತಿ ಕಳೆಯಿತೆಂದು ಮೆಕ್ಯಾನಿಕ್‌ಗಳು ಹಿಡಿಯುವ ಲೆಕ್ಕದಲ್ಲಿ ಗೊರೂರಿನಲ್ಲಿ ಸುಮಾರು ಶೇಕಡ 9ರಷ್ಟು ಅಶ್ವಶಕ್ತಿ ದಾರಿಯಲ್ಲೇ ಉಳಿದುಹೋಗಿರುತ್ತದೆ. ಟರ್ಬೊ ಇರುವ ಎಂಜಿನ್ನಿಗೆ ಈ ನಷ್ಟ ಕಡಿಮೆ. ಸಾಮಾನ್ಯ ಪೆಟ್ರೋಲ್ ಔಟ್‌ಬೋರ್ಡ್ ಎಂಜಿನ್ನಿಗೆ ತಪ್ಪಿದ್ದಲ್ಲ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದ ಕಾವೇರಿಯಾಗಲಿ, ಹೊಳೆನರಸೀಪುರವನ್ನು ಹಾದುಹೋಗುವ ಹೇಮಾವತಿಯಾಗಲಿ, ಈ ಸೀಮೆಯ ನೀರೆಲ್ಲ ಇಂಥ ಎತ್ತರದ್ದೇ. ಹುಟ್ಟು ಹಾಕಿ ನಡೆಸುವ ಹರಿಗೋಲಿಗೆ ಇದು ಲೆಕ್ಕಕ್ಕೆ ಬಾರದ ಸಂಗತಿ. ಮೋಟಾರಿನ ದೋಣಿಗೆ ಮಾತ್ರ ಇದೇ ಮೊದಲ ಲೆಕ್ಕ. ಆ ಲೆಕ್ಕವನ್ನು ಸರಿದೂಗಿಸಬೇಕಾದದ್ದು ದೋಣಿಯ ಹಿಂದೆ ನೀರಿನೊಳಗೆ ಕಣ್ಣಿಗೆ ಬೀಳದಂತೆ ತಿರುಗುವ ಪ್ರೊಪೆಲರ್.

ವೇಗ ಬೇಕೆಂದವರ ಮೊದಲ ಯೋಚನೆ ಸಾಮಾನ್ಯವಾಗಿ ದೊಡ್ಡ ಎಂಜಿನ್. ಆ ಯೋಚನೆ ಎಷ್ಟು ದುಬಾರಿ ಎಂಬುದನ್ನು ಮೊದಲು ನೋಡಬೇಕು. ನೀರಿನ ಮೇಲೆ ಎದ್ದು ಓಡುವ ದೋಣಿಯ ವೇಗ ಅದರ ಶಕ್ತಿಯ ವರ್ಗಮೂಲಕ್ಕೆ ತಕ್ಕಂತೆ ಹೆಚ್ಚುತ್ತದೆ ಎಂಬುದು ಜಾರ್ಜ್ ಕ್ರೌಚ್ ಎಂಬ ಅಮೆರಿಕದ ದೋಣಿ ವಿನ್ಯಾಸಕಾರರ ಹೆಸರಿನ ಸೂತ್ರ. ಇಂದಿಗೂ ಮೊದಲ ಅಂದಾಜಿಗೆ ಎಲ್ಲರೂ ಬಳಸುವುದು ಇದನ್ನೇ. ಇದರ ಪ್ರಕಾರ ಅಶ್ವಶಕ್ತಿ ಶೇಕಡ 10 ಹೆಚ್ಚಿದರೆ ವೇಗ ಹೆಚ್ಚುವುದು ಶೇಕಡ 5ಕ್ಕಿಂತ ತುಸು ಕಡಿಮೆ: ಗಂಟೆಗೆ 60 ಕಿ.ಮೀ. ಓಡುತ್ತಿದ್ದದ್ದು 63 ಆದೀತು. ಶಕ್ತಿಯನ್ನು ಇಮ್ಮಡಿ ಮಾಡಿದರೂ 85ನ್ನು ದಾಟದು. ಅದೂ ಹೊಸ ಎಂಜಿನ್ನಿನ ಹೆಚ್ಚುವರಿ ತೂಕವನ್ನು ಮರೆತರೆ ಮಾತ್ರ. ಪ್ರತಿ ದೋಣಿಯ ಹಿಂಬದಿಯ ಹಲಗೆ ಇಷ್ಟೇ ಶಕ್ತಿಯ ಎಂಜಿನ್ ತಾಳುತ್ತದೆ ಎಂಬ ಮಿತಿಯೂ ಇದೆ. ಎಂಜಿನ್ ಬದಲಿಸುವ ಖರ್ಚಿನ ಸಣ್ಣ ಪಾಲಿನಲ್ಲಿ ಪ್ರೊಪೆಲರ್ ಬದಲಿಸಬಹುದು. ಒಂದು ನಟ್ಟು, ಒಂದು ಪಿನ್ನು ಬಿಚ್ಚಿದರೆ ಅದು ಕೈಗೆ ಬರುತ್ತದೆ.

ಪ್ರೊಪೆಲರಿನ ಮೈಮೇಲೆ ಎರಡು ಅಂಕಿಗಳು ಕೊರೆದಿರುತ್ತವೆ. ಮೊದಲನೆಯದು ವ್ಯಾಸ, ಎರಡನೆಯದು ಪಿಚ್. ನೀರು ಗಟ್ಟಿ ವಸ್ತುವಾಗಿದ್ದರೆ ಪ್ರೊಪೆಲರ್ ಒಂದು ಸುತ್ತಿಗೆ ಎಷ್ಟು ಇಂಚು ಮುಂದೆ ಹೋಗುತ್ತಿತ್ತೋ ಅದೇ ಪಿಚ್. 19 ಇಂಚು ಪಿಚ್ಚಿನ ಪ್ರೊಪೆಲರ್ ಹಾಕಿದ ಎಂಜಿನ್ ನಿಮಿಷಕ್ಕೆ 5,800 ಸುತ್ತು ತಿರುಗುತ್ತಿದೆ, ಗೇರು ಅದನ್ನು ಅರ್ಧಕ್ಕೆ ಇಳಿಸುತ್ತದೆ ಎಂದುಕೊಳ್ಳೋಣ. ಪ್ರೊಪೆಲರಿನ ಸುತ್ತು 2,900. ಸುತ್ತಿಗೆ 19 ಇಂಚಿನಂತೆ ಲೆಕ್ಕ ಹಾಕಿದರೆ ದೋಣಿ ಗಂಟೆಗೆ 84 ಕಿ.ಮೀ. ಓಡಬೇಕು. ನೀರು ಗಟ್ಟಿಯಲ್ಲವಾದ್ದರಿಂದ ಒಂದಿಷ್ಟು ಜಾರುತ್ತದೆ. ಹದವಾಗಿ ಹೊಂದಿದ ವೇಗದ ದೋಣಿಗಳಲ್ಲಿ ಈ ಜಾರಿಕೆ ಶೇಕಡ 10ರಿಂದ 20ರ ನಡುವೆ ಇರುತ್ತದೆ. ಶೇಕಡ 12 ಎಂದು ಹಿಡಿದರೆ ಜಿಪಿಎಸ್ ತೋರಿಸುವ ವೇಗ ಸುಮಾರು 74. ಜಾರಿಕೆಯನ್ನು ಪೂರ್ತಿ ಇಲ್ಲವಾಗಿಸಲು ಹೊರಡುವುದು ತಪ್ಪು. ನೀರನ್ನು ಹಿಂದಕ್ಕೆ ತಳ್ಳದೆ ದೋಣಿ ಮುಂದಕ್ಕೆ ಹೋಗದು, ತಳ್ಳಿದ ನೀರು ಸರಿಯಲೇಬೇಕು. ಆದರೆ ಈ ಅಂಕಿ ಶೇಕಡ 30 ಮುಟ್ಟಿದರೆ ಪ್ರೊಪೆಲರ್ ಸವೆದಿದೆ, ಬಾಗಿದೆ, ಅಥವಾ ಆ ದೋಣಿಗೆ ಅದು ಹೊಂದುತ್ತಿಲ್ಲ ಎಂದು ಅರ್ಥ.

ಇಲ್ಲಿಂದ ಸುಲಭವಾಗಿ ಹುಟ್ಟುವ ತೀರ್ಮಾನ: ಪಿಚ್ ಹೆಚ್ಚಿಸಿದರೆ ವೇಗ ಹೆಚ್ಚುತ್ತದೆ. ಇದರಲ್ಲಿ ಅರ್ಧ ಸತ್ಯವಿದೆ, ಆ ಅರ್ಧವನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು. ಪಿಚ್ ಹೆಚ್ಚಿದಷ್ಟೂ ಪ್ರೊಪೆಲರ್ ತಿರುಗಿಸುವುದು ಎಂಜಿನ್ನಿಗೆ ಭಾರವಾಗುತ್ತದೆ. ಒಂದು ಇಂಚಿಗೆ 150ರಿಂದ 200 ಸುತ್ತು ಇಳಿಯುತ್ತದೆ ಎಂಬುದು ರೂಢಿಯ ಅಂದಾಜು. 19ರಿಂದ 21 ಇಂಚಿಗೆ ಹೋದರೆ ಪ್ರತಿ ಸುತ್ತಿನ ನಡೆ ಶೇಕಡ 10.5 ಹೆಚ್ಚುತ್ತದೆ. ಹಾಗಾಗಿ 5,800 ಸುತ್ತಿನ ಎಂಜಿನ್ 5,250ಕ್ಕಿಂತ ಕೆಳಗೆ ಇಳಿಯದಿದ್ದರೆ ಕಾಗದದ ಮೇಲೆ ಲಾಭವೇ. ರೂಢಿಯ ಅಂದಾಜಿನಂತೆ ಅದು 5,400ರ ಆಸುಪಾಸಿನಲ್ಲಿ ನಿಂತರೆ ನಿಜವಾಗಿಯೂ ಎರಡು ಕಿ.ಮೀ. ಹೆಚ್ಚು ಸಿಕ್ಕೀತು. ಆದರೆ ಅದು ಒಬ್ಬನೇ ಕೂತು, ಟ್ಯಾಂಕಿನಲ್ಲಿ ಅರ್ಧ ಇಂಧನವಿಟ್ಟು, ಅಲೆಯಿಲ್ಲದ ಬೆಳಗ್ಗೆ ಓಡಿಸಿದಾಗಿನ ಮಾತು. ಅದೇ ದೋಣಿಗೆ ನಾಲ್ವರು ಹತ್ತಿದರೆ ಲೆಕ್ಕ ತಲೆಕೆಳಗಾಗುತ್ತದೆ. ಬಹುತೇಕ ಔಟ್‌ಬೋರ್ಡ್ ಎಂಜಿನ್ನುಗಳಿಗೆ ತಯಾರಕರು ಥ್ರಾಟಲ್ ಪೂರ್ತಿ ತೆರೆದಾಗ ಸುತ್ತು ಇಂತಿಷ್ಟರಿಂದ ಇಂತಿಷ್ಟರೊಳಗೆ ಇರಬೇಕು ಎಂದು ಬರೆದಿರುತ್ತಾರೆ. 5,000ದಿಂದ 6,000 ಎಂಬುದು ಸಾಮಾನ್ಯ ಮಿತಿ. ಥ್ರಾಟಲ್ ಪೂರ್ತಿ ತೆರೆದರೂ ಎಂಜಿನ್ ಆ ಕೆಳ ಅಂಚಿಗೇ ಏರದಿದ್ದರೆ ಅದು ಏದುಸಿರು ಬಿಡುತ್ತಿದೆ ಎಂದು ತಿಳಿಯಬೇಕು. ಸಿಲಿಂಡರಿನೊಳಗೆ ಬಿಸಿ, ಒತ್ತಡ ಹೆಚ್ಚುತ್ತವೆ, ಕಾಲಕ್ರಮದಲ್ಲಿ ಪಿಸ್ಟನ್, ಬೇರಿಂಗುಗಳು ಹಾಳಾಗುತ್ತವೆ. ಅದಕ್ಕೂ ಮೊದಲೇ ಕಾಣುವ ನಷ್ಟ ಇನ್ನೊಂದು: ಭಾರವಾದ ದೋಣಿ ನೀರಿನ ಮೇಲೆ ಏಳಲಾರದೆ ಮೂತಿ ಎತ್ತಿಕೊಂಡು ನೀರನ್ನು ಉಳುತ್ತ ಹೋಗುತ್ತದೆ. ಆಗ ಎರಡು ಕಿ.ಮೀ. ಗಳಿಸಿದ ಪ್ರೊಪೆಲರ್ ಇಪ್ಪತ್ತು ಕಿ.ಮೀ. ಕಳೆದಿರುತ್ತದೆ.

ಗೊರೂರಿಗೆ ಮರಳೋಣ. ಮಲ್ಪೆಯಲ್ಲಿ 5,800 ಮುಟ್ಟುತ್ತಿದ್ದ ಎಂಜಿನ್ ಶೇಕಡ 9ರಷ್ಟು ಶಕ್ತಿ ಕಳೆದುಕೊಂಡು ಅದೇ 19 ಇಂಚಿನ ಪ್ರೊಪೆಲರ್ ತಿರುಗಿಸಲು ಹೊರಟರೆ 5,500ರ ಸುತ್ತಮುತ್ತ, ಕೆಲವೊಮ್ಮೆ ಅದಕ್ಕೂ ಕೆಳಗೆ ನಿಲ್ಲುತ್ತದೆ. ಇಲ್ಲಿ ಒಂದು ಮೆಟ್ಟಿಲು, ಎಂದರೆ ಎರಡು ಇಂಚು, ಕೆಳಗಿಳಿಯುವುದು ಸೋಲಲ್ಲ. ಖಾಲಿ ದೋಣಿಯ ತುತ್ತತುದಿಯ ವೇಗದಲ್ಲಿ ಚೂರು ಕಳೆದುಕೊಂಡರೂ ತುಂಬಿದ ದೋಣಿ ಬೇಗ ಏಳುತ್ತದೆ, ಎದ್ದ ಮೇಲೆ ಬೀಳದೆ ಓಡುತ್ತದೆ. ರುದ್ರಪಟ್ಟಣ ಸಂಗೀತ ವಿದ್ವಾಂಸರ ಊರು; ಗಾಯಕ ಆರ್.ಕೆ. ಶ್ರೀಕಂಠನ್ ಹುಟ್ಟಿದ್ದು ಅಲ್ಲಿ, ತಂಬೂರಿಯ ಆಕಾರದ ಸಪ್ತಸ್ವರ ಮಂದಿರ ನಿಂತಿರುವುದೂ ಅಲ್ಲಿ. ತಂಬೂರಿಯ ತಂತಿಯನ್ನು ಹಾಡುವವರ ಶ್ರುತಿಗೆ ಬಿಗಿಯುತ್ತಾರೆ, ತಂತಿ ಎಷ್ಟು ಬಿಗಿ ತಾಳುತ್ತದೆ ಎಂದು ನೋಡಿ ಅಲ್ಲ. ಪಿಚ್ಚನ್ನೂ ಹಾಗೆಯೇ ಎಂಜಿನ್ನಿನ ಶಕ್ತಿ, ದೋಣಿಯ ಭಾರ, ಊರಿನ ಎತ್ತರ ಈ ಮೂರಕ್ಕೆ ಕೂಡಿಸಬೇಕು. ಎಂಜಿನ್ ತಯಾರಕರು ಎಲ್ಲವನ್ನೂ ಯೋಚಿಸಿಯೇ ಪ್ರೊಪೆಲರ್ ಸೂಚಿಸಿರುವುದಿಲ್ಲವೇ ಎಂದು ಕೇಳಬಹುದು. ಯೋಚಿಸಿರುತ್ತಾರೆ, ಆದರೆ ಯಾವುದೋ ಸರಾಸರಿ ದೋಣಿಗೆ, ಸರಾಸರಿ ಭಾರಕ್ಕೆ. ನಮ್ಮ ಹಿನ್ನೀರಿನ ಎತ್ತರವಾಗಲಿ, ಒಂದು ದೋಣಿಯಲ್ಲಿ ನಾವು ಕೂರಿಸುವ ಜನರ ಸಂಖ್ಯೆಯಾಗಲಿ ಅವರಿಗೆ ಗೊತ್ತಿರಲು ಸಾಧ್ಯವಿಲ್ಲ. ಅವರ ಸೂಚನೆಯನ್ನು ಮೊದಲ ಪರೀಕ್ಷೆಗೆ ಇಟ್ಟುಕೊಳ್ಳಬೇಕು, ಕೊನೆಯ ಮಾತಾಗಿ ಅಲ್ಲ.

ಶಕ್ತಿಗಿಂತ ಹೊಂದಾಣಿಕೆ ದೊಡ್ಡದು ಎಂಬುದಕ್ಕೆ ಚರಿತ್ರೆಯಲ್ಲಿ ಗಟ್ಟಿ ಪುರಾವೆಗಳಿವೆ. 1894ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಪಾರ್ಸನ್ಸ್ ತಮ್ಮ ಹೊಸ ಹಬೆ ಟರ್ಬೈನನ್ನು ‘ಟರ್ಬಿನಿಯಾ’ ಎಂಬ ನೌಕೆಗೆ ಕೂರಿಸಿದರು. ಎಂಜಿನ್ ಅಪ್ರತಿಮವಾಗಿತ್ತು, ನೌಕೆ ಮಾತ್ರ 20 ನಾಟ್, ಎಂದರೆ ಗಂಟೆಗೆ 37 ಕಿ.ಮೀ. ಕೂಡ ದಾಟಲಿಲ್ಲ. ಒಂದೇ ಪ್ರೊಪೆಲರ್ ಅತಿವೇಗದಲ್ಲಿ ತಿರುಗಿ ರೆಕ್ಕೆಯ ಬೆನ್ನಿನ ಮೇಲೆ ಒತ್ತಡ ಎಷ್ಟು ಕುಸಿಯುತ್ತಿತ್ತೆಂದರೆ ನೀರು ತಣ್ಣಗಿದ್ದಂತೆಯೇ ಕುದಿದು ಆವಿಯ ಗುಳ್ಳೆಗಳಾಗುತ್ತಿತ್ತು, ರೆಕ್ಕೆಗೆ ತಳ್ಳಲು ನೀರೇ ಸಿಗುತ್ತಿರಲಿಲ್ಲ. ಈ ಗುಳ್ಳೆಗಳು ಒಡೆಯುವಾಗ ಲೋಹವನ್ನೂ ಕೊರೆದು ತಿನ್ನುತ್ತವೆ. ಪಾರ್ಸನ್ಸ್ ಇದನ್ನು ಕಣ್ಣಾರೆ ನೋಡಲೆಂದೇ ಒಂದು ಪುಟ್ಟ ನೀರಿನ ಸುರಂಗ ಕಟ್ಟಿದರು. ಬಳಿಕ ಟರ್ಬೈನನ್ನು ಮೂರಾಗಿ ಹಂಚಿ, ಮೂರು ಶಾಫ್ಟುಗಳಿಗೆ ಮೂರು ಮೂರರಂತೆ ಒಂಬತ್ತು ಪ್ರೊಪೆಲರ್ ಹಾಕಿದರು. 1897ರ ಜೂನ್‌ನಲ್ಲಿ ವಿಕ್ಟೋರಿಯಾ ರಾಣಿಯ ವಜ್ರಮಹೋತ್ಸವದ ನೌಕಾ ಪರಿವೀಕ್ಷಣೆಯಲ್ಲಿ ಆ ಪುಟ್ಟ ನೌಕೆ 34 ನಾಟ್ ವೇಗದಲ್ಲಿ ಯುದ್ಧನೌಕೆಗಳ ಸಾಲುಗಳ ನಡುವೆ ನುಗ್ಗಿ ಹೋಯಿತು. ಅರ್ಧ ಶತಮಾನದ ನಂತರದ ಇನ್ನೊಂದು ಪುರಾವೆ: 1939ರಲ್ಲಿ ಮಾಲ್ಕಮ್ ಕ್ಯಾಂಪ್‌ಬೆಲ್ 2,000 ಅಶ್ವಶಕ್ತಿಗೂ ಮೀರಿದ ರೋಲ್ಸ್ ರಾಯ್ಸ್ ಎಂಜಿನ್ನಿನಿಂದ ಗಂಟೆಗೆ 228 ಕಿ.ಮೀ. ದಾಖಲೆ ಮಾಡಿದ್ದರು. 1950ರಲ್ಲಿ ಸಿಯಾಟಲಿನ ‘ಸ್ಲೋ-ಮೊ-ಶನ್ 4’ ಅದಕ್ಕಿಂತ ಕಡಿಮೆ ಶಕ್ತಿಯ ಆಲಿಸನ್ ಎಂಜಿನ್ನಿನಲ್ಲಿ 258 ತಲುಪಿತು. ಅದರ ಪ್ರೊಪೆಲರ್ ಅರ್ಧ ನೀರಿನಲ್ಲಿ, ಅರ್ಧ ಗಾಳಿಯಲ್ಲಿ ತಿರುಗುತ್ತ ದೋಣಿಯ ಹಿಂಭಾಗವನ್ನೇ ಹೊತ್ತುಕೊಂಡು ಓಡುತ್ತಿತ್ತು. ನೀರಿಗೆ ತಾಗುವ ಮೈ ಕಡಿಮೆಯಾದಷ್ಟೂ ನೀರಿನ ಎಳೆತ ಕಡಿಮೆ.

ಪಿಚ್ ತೀರ್ಮಾನವಾದ ಮೇಲೆ ರೂಪದ ಪ್ರಶ್ನೆ. ಮೂರು ರೆಕ್ಕೆಯದಕ್ಕೆ ಎಳೆತ ಕಡಿಮೆ, ತುದಿಯ ವೇಗ ತುಸು ಹೆಚ್ಚು. ನಾಲ್ಕು ರೆಕ್ಕೆಯದು ಬೇಗ ಎಬ್ಬಿಸುತ್ತದೆ, ತಿರುವಿನಲ್ಲಿ ಹಿಡಿತ ಬಿಡುವುದಿಲ್ಲ. ರೆಕ್ಕೆಗಳು ಹಿಂದಕ್ಕೆ ವಾಲಿದಷ್ಟೂ ಹಗುರ ದೋಣಿಯ ಮೂತಿ ಮೇಲೇಳುತ್ತದೆ, ಹಾಗಾಗಿ ವೇಗ ಬೇಕೆನ್ನುವವರು ಹೆಚ್ಚು ವಾಲಿದ್ದನ್ನೇ ಕೇಳುತ್ತಾರೆ. ಒಂದು ಹದ ಮೀರಿದರೆ ದೋಣಿ ಎಡಕ್ಕೂ ಬಲಕ್ಕೂ ಹೊಯ್ದಾಡತೊಡಗುತ್ತದೆ, ನಡೆಸುವವನ ಕೈಯಲ್ಲಿ ನಿಲ್ಲುವುದಿಲ್ಲ. ಹಿಂದಂಚಿನಲ್ಲಿ ಕೊಡುವ ಸಣ್ಣ ಬಾಗು ನೀರನ್ನು ಗಟ್ಟಿಯಾಗಿ ಹಿಡಿಯುತ್ತದೆ, ಆದರೆ ಒಂದೆರಡು ನೂರು ಸುತ್ತು ತಿನ್ನುತ್ತದೆ; ಬಾಗು ಸೇರಿಸಿದಾಗ ಪಿಚ್ ಇಳಿಸುವುದು ಅದಕ್ಕೇ. ಲೋಹದ ಆಯ್ಕೆಯಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ. ಸ್ಟೇನ್‌ಲೆಸ್ ಉಕ್ಕು ಗಡುಸಾದ್ದರಿಂದ ರೆಕ್ಕೆ ತೆಳುವಾಗಿರಬಹುದು, ಭಾರಕ್ಕೆ ಮಣಿಯದು, ಆಳವಾದ ಬಯಲು ನೀರಿನಲ್ಲಿ ಅದೇ ಮೇಲು. ಹೇಮಾವತಿಯ ಹಿನ್ನೀರು ಹಾಗಲ್ಲ. ಶೆಟ್ಟಿಹಳ್ಳಿಯ ಹಳೆಯ ಚರ್ಚು ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಏಳುವುದನ್ನು ನೋಡಿದವರಿಗೆ ಅಲ್ಲಿನ ನೀರಿನ ಮಟ್ಟ ಎಷ್ಟು ಏರಿಳಿಯುತ್ತದೆ, ಅದರಡಿ ಏನೇನು ಅಡಗಿರಬಹುದು ಎಂಬುದು ಗೊತ್ತು. ಕಲ್ಲಿಗೋ ಬೊಡ್ಡೆಗೋ ಬಡಿದಾಗ ಅಲ್ಯೂಮಿನಿಯಂ ರೆಕ್ಕೆ ತಾನು ಬಾಗಿ ಅಥವಾ ಮುರಿದು ಪೆಟ್ಟಿನ ಬಹುಪಾಲನ್ನು ತಾನೇ ನುಂಗುತ್ತದೆ. ಉಕ್ಕಿನದು ಅದನ್ನು ಶಾಫ್ಟಿಗೂ ಗೇರಿಗೂ ದಾಟಿಸುವ ಅಪಾಯ ಹೆಚ್ಚು. ಇಲ್ಲಿ ಒಂದೆರಡು ಕಿ.ಮೀ. ಬಿಟ್ಟುಕೊಟ್ಟು ಗೇರು ಉಳಿಸಿಕೊಳ್ಳುವುದೇ ಜಾಣತನ.

ವೇಗದ ದೋಣಿಯ ಪಂದ್ಯವೇ ಇಲ್ಲದ ಈ ಸೀಮೆಗೆ ಇದೆಲ್ಲ ಏಕೆ ಎಂಬ ಆಕ್ಷೇಪಕ್ಕೂ ಉತ್ತರ ಹೇಳಬೇಕು. ಕಾವೇರಿ ಉಕ್ಕಿದ ದಿನಗಳಲ್ಲಿ ರಕ್ಷಣಾ ಪಡೆಗಳು ಇಳಿಸುವ ಗಾಳಿ ತುಂಬಿದ ದೋಣಿಗಳ ಹಿಂದೆ ಇರುವುದೂ ಔಟ್‌ಬೋರ್ಡ್ ಎಂಜಿನ್ನೇ. ಅಲ್ಲಿ ಬೇಕಾದದ್ದು ತುದಿಯ ವೇಗವಲ್ಲ, ಪೂರ್ತಿ ಜನ ತುಂಬಿದಾಗಲೂ ಸೆಳವಿಗೆ ಎದುರಾಗಿ ನಿಲ್ಲುವ ಬಲ. ಕರಾವಳಿಯ ನಾಡದೋಣಿಯೂ ಹೋಗುವಾಗ ಖಾಲಿ, ಬರುವಾಗ ಮೀನಿನ ಭಾರ. ಟ್ರಾಲ್ ಬೋಟಿಗಂತೂ ಬಲೆ ಎಳೆಯುವ ನಿಧಾನದ ನಡೆಯೇ ಮುಖ್ಯ, ಅದಕ್ಕೆ ದೊಡ್ಡ ವ್ಯಾಸ, ಕಡಿಮೆ ಪಿಚ್. ಗುರಿ ಬೇರೆ ಬೇರೆಯಾದರೂ ಹುಡುಕುವ ದಾರಿ ಒಂದೇ, ಆ ದಾರಿಗೆ ಬೇಕಾದ ಸಲಕರಣೆ ಎರಡು: ಸುತ್ತು ಎಣಿಸುವ ಟ್ಯಾಕೋಮೀಟರ್, ವೇಗ ಹೇಳುವ ಜಿಪಿಎಸ್. ದೋಣಿಯಲ್ಲಿ ಸಾಮಾನ್ಯವಾಗಿ ಇರುವಷ್ಟು ಜನ, ಇಂಧನ, ಸಾಮಾನು ಇಟ್ಟು, ಎಲ್ಲರಿಗೂ ಜೀವರಕ್ಷಕ ಜಾಕೆಟ್ ತೊಡಿಸಿ, ಎಂಜಿನ್ ನಿಲ್ಲಿಸುವ ಹಗ್ಗವನ್ನು ನಡೆಸುವವನ ಮೈಗೆ ಸಿಕ್ಕಿಸಿ, ಖಾಲಿ ನೀರಿನಲ್ಲಿ ಥ್ರಾಟಲ್ ಪೂರ್ತಿ ತೆರೆದು ಎರಡೂ ಅಂಕಿಗಳನ್ನು ಬರೆದುಕೊಳ್ಳಬೇಕು. ಗಾಳಿಗೆ ಎದುರಾಗಿ ಒಮ್ಮೆ, ಗಾಳಿಯ ಜೊತೆಗೆ ಒಮ್ಮೆ ಓಡಿಸಿ ಸರಾಸರಿ ಹಿಡಿಯಬೇಕು. ಹರಿಯುವ ಹೊಳೆಯಲ್ಲಾದರೆ ಸೆಳವಿಗೂ ಹಾಗೆಯೇ. ಸುತ್ತು ತಯಾರಕರ ಮಿತಿಯ ಮೇಲಿನ ಅಂಚಿನ ಹತ್ತಿರ ಬಂದರೆ ಪಿಚ್ ಸರಿ. ಕೆಳಗಿದ್ದರೆ ಪಿಚ್ ಇಳಿಸಬೇಕು, ಮಿತಿ ದಾಟಿದರೆ ಏರಿಸಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು: ಪ್ರೊಪೆಲರನ್ನೂ ಎಂಜಿನ್ನಿನ ಎತ್ತರವನ್ನೂ ಒಟ್ಟಿಗೆ ಬದಲಿಸಿದರೆ ಗೆದ್ದದ್ದು ಯಾವುದೆಂದು ತಿಳಿಯದು. ತಳದಲ್ಲಿ ಪಾಚಿ ಕಟ್ಟಿದ್ದರೆ, ರೆಕ್ಕೆಯ ಅಂಚು ಮುಕ್ಕಾಗಿದ್ದರೆ ಮೊದಲು ಅದನ್ನು ಸರಿಮಾಡಿ ಆಮೇಲೆ ಅಳೆಯಬೇಕು. ಹೊಸದಕ್ಕೆ ಹಣ ಸುರಿಯುವ ಮುನ್ನವೇ ಕಳೆದುಹೋದ ವೇಗದ ಒಂದಿಷ್ಟು ಪಾಲು ಅಲ್ಲೇ ಸಿಗುವುದುಂಟು.